ಎರಡನೇ ಸಲ ಯಾರೂ ಬರಲಿಲ್ಲ

ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಹೆಂಗಸಿನ ಚೀಲದಿಂದ ಬೀಡಿಯ ಹೊಗೆಸೊಪ್ಪಿನ ವಾಸನೆ ಬಂತು. ನಾನು ಬೀಡಿ ಕಟ್ಟುವುದು ಬಿಟ್ಟು ವರ್ಷಗಳಾದವು. ಆದರೂ ಮಡಿಲಲ್ಲಿದ್ದ ಬೆರಳುಗಳು ತಾವಾಗಿಯೇ ಸುರುಳಿ ಸುತ್ತತೊಡಗಿದವು. ತಂಗಿಯ ನೆನಪಾಯಿತು. ಸಣ್ಣವಳಿದ್ದಾಗ ಅವಳು ಈ ವಾಸನೆಗೆ ಸೀನುತ್ತಲೇ ನನ್ನ ಪಕ್ಕ ಕುಳಿತು ಓದುತ್ತಿದ್ದಳು...

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತೆ. ಅವಳು ಓದುತ್ತಲೇ ಹೋದಳು. ಮಿಜಾರಿನ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ ಸಂಶೋಧನೆಗೂ ಇಳಿದಳು. ದೇಹ ದಣಿಯುವಾಗ ಹೃದಯ, ಉಸಿರು, ಸ್ನಾಯು ಏನು ಮಾಡುತ್ತವೆ ಎಂಬುದು ಅವಳ ವಿಷಯ. ಜೊತೆಯವರು ಓಟಗಾರರ, ಕಬಡ್ಡಿ ಆಡುವವರ ಹಿಂದೆ ಹೋದರೆ ಇವಳು ನಮ್ಮೂರು ಸಿದ್ಧಕಟ್ಟೆಗೆ, ನಮ್ಮ ಜಗಲಿಗೇ ಬಂದಳು.

"ಓಡುವವರ ಎದೆಬಡಿತ ಎಲ್ಲರೂ ಎಣಿಸ್ತಾರೆ ಅಕ್ಕ. ದಿನವಿಡೀ ಕೂತೇ ದುಡಿಯುವವರದ್ದು ಯಾರಾದ್ರೂ ನೋಡ್ಬೇಕಲ್ಲ?"

ಬೀಡಿ ಕಟ್ಟುವ ಹೆಂಗಸರು ತಗ್ಗಿನ ಸ್ಟೂಲೊಂದನ್ನು ಕೆಲವು ನಿಮಿಷ ಬಿಡದೆ ಹತ್ತಿ ಇಳಿಯಬೇಕು. ಕೂಡಲೇ ಅವಳು ನಾಡಿ ನೋಡುತ್ತಾಳೆ. ಮುಂದೆ ಕೆಲವು ತಿಂಗಳು ಅವರು ಕೆಲಸದ ನಡುವೆ ಆಗಾಗ ಎದ್ದು ಮೆಟ್ಟಿಲು ಹತ್ತಿ ಇಳಿಯಬೇಕು, ಮತ್ತೆ ಬಂದು ನಾಡಿ ತೋರಿಸಬೇಕು. ಆಗಲೇ ಹೃದಯಕ್ಕೆ ಗುಣವಾಯಿತೋ ಇಲ್ಲವೋ ತಿಳಿಯುವುದು. ಎರಡನೇ ಸಲ ಬಾರದಿದ್ದರೆ ಮೊದಲನೆಯದೂ ದಂಡ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದಳು.

ಮೊದಲು ಹತ್ತಿದವಳು ನಾನು. ಏದುಸಿರು ಬಂತು. ತಂಗಿ ನನ್ನ ಮಣಿಕಟ್ಟು ಬಿಟ್ಟು ನಕ್ಕಳು.

"ಎಂತದು ಮಾರಾಯ್ತಿ, ನಿನ್ನ ಎದೆ ನಮ್ಮ ಅಜ್ಜಿಗಿಂತ ಹಳತಾಗಿದೆ!"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿಯಿತು... ಯಾರ ಓದಿಗಾಗಿ ಕೂತು ಕೂತು ಹಳತಾದ ಎದೆ ಅದು?

ಮುಂದಿನ ವಾರ, ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿನೆದುರು ಸಾಲು ನಿಂತಾಗ ಹೇಳಿಬಿಟ್ಟೆ. "ಏದುಸಿರು ಬಿಟ್ಟವರ ಹೆಸರು ಬ್ರಾಂಚಿಗೆ ಹೋಗ್ತದಂತೆ. ಇನ್ನು ಅವರಿಗೆ ಬೀಡಿ ಎಲೆ, ಹೊಗೆಸೊಪ್ಪು ಕೊಡುವುದಿಲ್ಲವಂತೆ."

"ನಿನ್ನ ತಂಗಿಯೇ ಹೇಳಿದ್ದಾ?" ಎಂದಳು ಒಬ್ಬಳು.

"ಮತ್ತೆ?" ಎಂದೆ.

ಬ್ರಾಂಚಿನವರು ಎಲೆ ಕೊಡದಿದ್ದರೆ ಏನು ಗತಿ ಎಂಬ ಭಯ ನಮಗೆಲ್ಲ ಇದ್ದದ್ದೇ. ಅದು ಗೊತ್ತಿದ್ದೇ ಅದಕ್ಕೆ ಕೈ ಹಾಕಿದೆ.

ಎರಡನೇ ಸಲ ನೋಡಬೇಕಾದ ಭಾನುವಾರ ತಂಗಿ ಜಗಲಿಯಲ್ಲಿ ಸ್ಟೂಲಿಟ್ಟು ಕಾದಳು. ಯಾರೂ ಬರಲಿಲ್ಲ. ಮಧ್ಯಾಹ್ನ ಅಡುಗೆಮನೆಯಿಂದ ಇಣುಕಿದೆ. ಅವಳೊಬ್ಬಳೇ ಸ್ಟೂಲು ಹತ್ತಿ ಇಳಿಯುತ್ತಿದ್ದಳು, ತನ್ನ ನಾಡಿ ತಾನೇ ಹಿಡಿದುಕೊಂಡು.

"ಯಾರಿಗೂ ಪುರ್ಸೊತ್ತಿಲ್ಲ ಕಾಣ್ತದೆ, ಅಕ್ಕ."

"ಬೀಡಿ ಕಟ್ಟಿ ಮುಗೀಬೇಕಲ್ಲ," ಎಂದು ಗಂಜಿ ಬಡಿಸಿದೆ.

ಆಮೇಲೆ ಅವಳು ಕೊಕ್ಕಡದಲ್ಲಿ, ಬೇರೆ ಹೆಂಗಸರೊಂದಿಗೆ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದಳು. ಬರಹ ತಡವಾಗಿ ಅಚ್ಚಾಯಿತು. ಅದನ್ನು ಓದಿ ಬೇರೆ ಊರಿನವರೂ ಹೊಲಿಗೆಯವರ, ಗೇರುಬೀಜ ಸುಲಿಯುವವರ ಹೃದಯ ನೋಡತೊಡಗಿದರಂತೆ. ಅಚ್ಚಾದ ಇಂಗ್ಲಿಷ್ ಹಾಳೆ ತಂದಾಗ, ಇದರಲ್ಲಿ ನಿನ್ನ ಹೆಸರು ಯಾವುದು ಎಂದು ಕೇಳಿದೆ. ಬೆರಳಿಟ್ಟು ತೋರಿಸಿದಳು. ಕಳೆದ ಮಳೆಗಾಲದಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು. ಪಕ್ಕದಲ್ಲಿ ನಾನೊಬ್ಬಳೇ ಇರುತ್ತಿದ್ದೆ. ನಿಜ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ... ಅವಳು ಆಸ್ಪತ್ರೆಯಿಂದ ಜೀವಂತ ಮರಳಲಿಲ್ಲ.

ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಮಿಜಾರಿಗೆ ಹೋದೆ. ತಂಗಿಯ ಕೈಕೆಳಗೆ ಕಲಿತ ಹುಡುಗಿ ನನ್ನನ್ನು ಕರೆಸಿದ್ದಳು.

"ಮೇಡಂ ಬಿಟ್ಟ ಕೆಲಸ ಸಿದ್ಧಕಟ್ಟೆಯಲ್ಲೇ ಮುಂದುವರಿಸುವ ಅಂತ ಉಂಟು ಅಕ್ಕ. ಆಗ ಯಾಕೆ ಯಾರೂ ಬರ್ಲಿಲ್ಲ, ಗೊತ್ತುಂಟಾ?"

ಪೂರ್ತಿ ಹೇಳಿದೆ. ಹುಡುಗಿ ತಲೆ ತಗ್ಗಿಸಿ ಕೇಳಿದಳು. ಕ್ಷಮಿಸುವುದು ಅವಳ ಕೈಯಲ್ಲಿರಲಿಲ್ಲ. "ಮೇಡಂಗೆ ಇದು ಗೊತ್ತಿತ್ತಾ?" ಎಂದಳು.

ನನಗೆ ತಿಳಿಯದು. ಇನ್ನು ತಿಳಿಯುವುದೂ ಇಲ್ಲ.

ಈಗ ಮನೆಮನೆಗೆ ಹೋಗಿ ಆ ಹೆಂಗಸರನ್ನು ಕರೆಯುತ್ತಿದ್ದೇನೆ. ಅಂದು ಸುಳ್ಳು ಹೇಳಿದವಳು ನಾನು ಎಂದೇ ಮಾತು ಶುರು ಮಾಡುತ್ತೇನೆ. ಕೆಲವರು ಬೈಯುತ್ತಾರೆ. ಕೆಲವರಿಗೆ ಅದರ ನೆನಪೇ ಇಲ್ಲ. ಬೈಸಿಕೊಂಡು ಮನೆಗೆ ಬಂದು ಕೂರುತ್ತೇನೆ. ನಿಜಕ್ಕೂ ನನ್ನನ್ನು ಬೈಯಬೇಕಾದವಳು ಒಬ್ಬಳಿದ್ದಳು...