ದೀಪ ಆರಿಸಿದ ಸಂಜೆ ತೆರೆದಿದ್ದ ಕಿಟಕಿ

ವೆಲ್ಡಿಂಗ್ ಅಂಗಡಿಯ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ನನ್ನನ್ನು ಹುಣಸೂರಿನ ಟಾಕೀಸಿಗೆ ಕರೆದೊಯ್ಯುತ್ತದೆ. ಅಬ್ಬಾ ಅಲ್ಲಿ ಆಪರೇಟರ್ ಆಗಿದ್ದರು. ಪ್ರೊಜೆಕ್ಟರಿನೊಳಗೆ ಕಾರ್ಬನ್ ಕಡ್ಡಿ ಉರಿದು ಬೆಳಕು ಕೊಡುತ್ತಿದ್ದ ಕಾಲವದು. ಅವರ ಅಂಗಿಗೂ ಗಡ್ಡಕ್ಕೂ ನನಗೆ ತುತ್ತಿಡುವ ಬೆರಳಿಗೂ ಅದೇ ವಾಸನೆ. ಟಾಕೀಸಿನ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಅಮ್ಮಿ ರೊಟ್ಟಿ ತಟ್ಟುತ್ತಲೇ ಗೋಡೆಯಾಚೆಯ ಹಾಡುಗಳಿಗೆ ದನಿಗೂಡಿಸುತ್ತಿದ್ದಳು. ಬಾಂಗ್ಲಾ ಯುದ್ಧ ಶುರುವಾದಾಗ ಊರೆಲ್ಲ ಟಾಕೀಸಿಗೇ ಬಂದು ಸೇರತೊಡಗಿತು. ಸಿನಿಮಾಕ್ಕೆ ಮೊದಲು ಸೈನಿಕರ ಸುದ್ದಿಚಿತ್ರ, ಇಂಟರ್‌ವಲ್‌ನಲ್ಲಿ ರೇಡಿಯೋ ವಾರ್ತೆ. ಸೈನಿಕರಿಗೆಂದು ಜನ ತಂದ ಕಂಬಳಿಗಳು ಪರದೆಯ ಕೆಳಗೆ ರಾಶಿ ಬೀಳುತ್ತಿದ್ದವು. ಅಬ್ಬಾ ತಮ್ಮ ನಿಕಾಹ್‌ನ ಶಾಲನ್ನೇ ಕೊಟ್ಟಿದ್ದರು.

ಕತ್ತಲಾದ ಮೇಲೆ ಶತ್ರು ವಿಮಾನಗಳಿಗೆ ಕಾಣುವಂತೆ ಬೆಳಕು ಹೊರಬೀಳಬಾರದೆಂಬ ಕಟ್ಟಳೆ ನಮ್ಮೂರಿಗೂ ಬಂತು. ಒಂದು ಸಂಜೆ ಪ್ರೊಜೆಕ್ಟರ್ ಕೋಣೆಯ ಕಿಟಕಿ ತೆರೆದಿತ್ತು. ಪೊಲೀಸರು ಬಂದರು. "ಇವ್ನು ಯಾರಿಗ್ ಸನ್ನೆ ಮಾಡ್ತಿದ್ನೋ ಯಾರಿಗ್ಗೊತ್ತು," ಎಂದರು ಟಾಕೀಸಿನ ಮಾಲೀಕರು, ಅಬ್ಬಾನ ಮುಖ ನೋಡದೆ. ಪೊಲೀಸರು ಅಬ್ಬಾನನ್ನು ಎರಡು ದಿನ ಠಾಣೆಯಲ್ಲಿಟ್ಟುಕೊಂಡು ಬಿಟ್ಟುಕಳಿಸಿದರು. ಕೆಲಸವೂ ಹೋಯಿತು, ಮನೆಯೂ ಹೋಯಿತು. ಪಿರಿಯಾಪಟ್ಟಣದಲ್ಲಿ ಸ್ಟೌ ರಿಪೇರಿ ಮಾಡುತ್ತಾ ಅಬ್ಬಾ ಇಪ್ಪತ್ತು ವರ್ಷ ತಲೆ ತಗ್ಗಿಸಿಯೇ ಬದುಕಿದರು. ಅವರನ್ನು ಮಣ್ಣು ಮಾಡಿ ಬಂದ ದಿನ ನಾನು ಯಾರನ್ನೂ ಕ್ಷಮಿಸಲಿಲ್ಲ.

ಹೋದ ವರ್ಷ ಆ ಮಾಲೀಕರ ಮಗ ನನ್ನನ್ನು ಹುಡುಕಿಕೊಂಡು ಬಂದರು. ಕೆಡವಿದ ಟಾಕೀಸಿನ ನೆನಪಿಗೆ ಪುಸ್ತಕ ತರುತ್ತಾರಂತೆ; ಯುದ್ಧಕಾಲದಲ್ಲಿ ಅದು ಮಾಡಿದ ಸೇವೆಯ ಬಗ್ಗೆ ನಿವೃತ್ತ ಮೇಷ್ಟ್ರಮ್ಮನಾದ ನಾನು ಬರೆಯಬೇಕಂತೆ. ನಾನು ಯಾರ ಮಗಳೆಂದು ಅವರಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ. ಹಳೆಯ ಪತ್ರಿಕೆಗಳನ್ನು ಓದಿದೆ, ವಯಸ್ಸಾದವರ ಮನೆಮನೆಗೆ ಹೋದೆ. ಕೊನೆಗೆ ಕೆ.ಆರ್. ನಗರದಲ್ಲಿ, ಆಗ ನಮ್ಮ ಟಾಕೀಸಿನ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಪುಟ್ಟಮ್ಮ ಸಿಕ್ಕಳು.

"ಕಿಟ್ಕಿ ತೆಗ್ದಿದ್ದು ಧಣಿನೇ ಕಣವ್ವ. ಮಿಷನ್ನಿನ ಸೆಕೆ ಅಂತ ಸಿಗರೇಟ್ ಸೇದ್ತಾ ನಿಂತಿದ್ರು. ನಾನೇ ಕಂಡೆ."

"ಆವತ್ತೇ ಯಾಕೆ ಹೇಳಲಿಲ್ಲ?"

"ನಂಗೂ ಮಕ್ಳಿದ್ವು."

ಅವಳ ಮೇಲೂ ಸಿಟ್ಟು ಬಂತು. ಆದರೂ ಅವಳ ಮಾತನ್ನು ಇದ್ದ ಹಾಗೇ ಬರೆದುಕೊಟ್ಟೆ. ಮಾಲೀಕರ ಮಗ ಓದಿ ಬಿಳಿಚಿಕೊಂಡರು. "ಸತ್ತೋರ ವಿಷ್ಯ ಯಾಕೆ ಮೇಡಂ? ಇದೊಂದನ್ನ ಬುಡಿ."

"ಸತ್ತೋರಲ್ಲಿ ನಮ್ಮ ಅಬ್ಬಾನೂ ಇದ್ದಾರೆ," ಎಂದೆ.

ಆ ಭಾಗವನ್ನು ಕಿತ್ತುಹಾಕಿಯೇ ಪುಸ್ತಕ ಅಚ್ಚಾಯಿತು. ಬಿಡುಗಡೆಯ ದಿನ ಬರೆದವಳೆಂದು ನನ್ನನ್ನು ಎರಡು ಮಾತಾಡಲು ಕರೆದಾಗ, ಪುಟ್ಟಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕಿತ್ತುಹಾಕಿದ್ದನ್ನೆಲ್ಲ ಮೈಕಿನಲ್ಲಿ ಓದಿದೆ. ಅಬ್ಬಾನ ಹೆಸರು ಇಬ್ರಾಹಿಂ ಎಂದು ಬಿಡಿಸಿ ಬಿಡಿಸಿ ಹೇಳಿದೆ. ವೇದಿಕೆಯ ಮೇಲೆ ಆ ಮಗ ಬೆವರುವುದನ್ನು ಕಣ್ತುಂಬ ನೋಡಿದೆ. ಸುಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಭೆಯತ್ತ ತಿರುಗಿದರೆ ಬಹಳಷ್ಟು ಜನ ಆಗಿನ್ನೂ ಹುಟ್ಟದವರು. ಅಬ್ಬಾನನ್ನು ಕಂಡು ಬೀದಿ ಬದಲಿಸಿದವರಲ್ಲಿ ಒಬ್ಬರೂ ಅದನ್ನು ಕೇಳಲು ಉಳಿದಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಮ್ಮ ಕೇಳಿದಳು, "ಸಮಾಧಾನ ಆಯ್ತಾ ತಾಯಿ?"

"ಇಲ್ಲ," ಎಂದೆ.

ಕೆ.ಆರ್. ನಗರದ ಬಸ್ ಬರುವವರೆಗೂ ಅವಳು ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದಳು.