ಐವತ್ತಾರು ನಿಮಿಷದ ದಾರಿ

ಟುಕುನಾನ ಶಾಲೆಯ ಕಾರ್ಡಿನಲ್ಲಿ ಸುಭದ್ರಾಳ ಹೆಸರು ಮೂರನೆಯ ಸಾಲಿನಲ್ಲಿತ್ತು.

ಭೂಕಂಪದ ತಾಲೀಮಿನ ದಿನ ಆ ಶಾಲೆಯ ಮಕ್ಕಳು ತಾವಾಗಿಯೇ ಮನೆಗೆ ಹೊರಡುವಂತಿಲ್ಲ. ಕಾರ್ಡಿನಲ್ಲಿ ಹೆಸರಿರುವ ಯಾರಾದರೂ ಬರಬೇಕು. ಬಂದವರನ್ನು ತೋರಿಸಿ ಶಿಕ್ಷಕಿ ‘ಇವರು ಯಾರು?’ ಎಂದು ಮಗುವನ್ನೇ ಕೇಳುತ್ತಾರೆ. ಮಗು ಹೇಳಿದ ಮೇಲೆಯೇ ಕಳಿಸಿಕೊಡುವುದು.

ಕಾರ್ಡು ತುಂಬಿದವಳು ಕೋಕಿಲಾ. ಹನ್ನೆರಡು ವರ್ಷ, ಆರನೆಯ ತರಗತಿ. ಅವಳೂ ಒಂಬತ್ತು ವರ್ಷದ ತಮ್ಮ ಟುಕುನಾನೂ ಒಡಿಶಾದ ಒಂದು ಮಕ್ಕಳ ಆಶ್ರಮದಿಂದ ಹಿರೋಷಿಮಾದಲ್ಲಿರುವ ಸುಭದ್ರಾ, ಜಯದೇವ ದಂಪತಿಯ ಮನೆಗೆ ದತ್ತು ಮಕ್ಕಳಾಗಿ ಬಂದು ಒಂದೂವರೆ ವರ್ಷವಾಗಿತ್ತು. ಹದಿನಾಲ್ಕು ವರ್ಷ ಜಪಾನಿನಲ್ಲಿದ್ದರೂ ಇಲ್ಲಿನ ಅಕ್ಷರಗಳಿಗೆ ಸುಭದ್ರಾ ಇನ್ನೂ ಹೆದರುತ್ತಿದ್ದಳು. ಶಾಲೆಯಿಂದ ಬಂದ ಕಾಗದಗಳೆಲ್ಲ ಈಗ ಕೋಕಿಲಾಳ ಕೈಗೇ ಹೋಗುತ್ತಿದ್ದವು.

ಮೊದಲ ಸಾಲು: ಕೋಕಿಲಾ, ಅಕ್ಕ. ಎರಡನೆಯದು ಜಯದೇವ. ಮೂರನೆಯದು ಸುಭದ್ರಾ. ಕೊನೆಯ ಎರಡು ಹೆಸರುಗಳ ಮುಂದೆ ಸಂಬಂಧದ ಜಾಗ ಖಾಲಿ.

“ನಂಗೆ ಬೆಳ್ಳಿ, ನಿಂಗೆ ಕಂಚು,” ಎಂದ ಜಯದೇವ. ಅವನು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರು. “ಮೆಡಲ್ ಅಂತೂ ಬಂತು ಬಿಡೇ.”

“ತಮಾಷೆ ಬೇಡ ಕಣ್ರೀ. ಆ ಖಾಲಿ ಜಾಗ ನೋಡಿ.”

ಟುಕುನಾ ಬಂದ ಮೂರನೆಯ ವಾರಕ್ಕೇ ಅಮ್ಮ ಎಂದಿದ್ದ. ಕೋಕಿಲಾ ಏನೆಂದೂ ಕರೆಯುತ್ತಿರಲಿಲ್ಲ. ಕರೆಯಬೇಕಾದಾಗ ಹತ್ತಿರ ಬಂದು, ಸುಭದ್ರಾ ತಲೆ ಎತ್ತುವವರೆಗೆ ನಿಂತಿರುತ್ತಿದ್ದಳು. ಯಾಕೆಂದು ಸುಭದ್ರಾ ಕೇಳಿರಲಿಲ್ಲ. ಆಶ್ರಮದಲ್ಲಿ ಬೆಳೆದ ಹುಡುಗಿಗೆ ದೊಡ್ಡವರ ಮುಖ ಓದುವುದು ಗೊತ್ತಿತ್ತು. ಕೇಳಿದರೆ ಕೇಳಿದವರಿಗೆ ಬೇಕಾದ ಉತ್ತರವನ್ನೇ ಕೊಟ್ಟುಬಿಡುತ್ತಿದ್ದಳು. ಹಾಗಾಗಿ ಸುಭದ್ರಾ ಸುಮ್ಮನೆ ನೋಡುತ್ತಿದ್ದಳು: ಕಿತ್ತಳೆ ಸುಲಿದರೆ ಮೊದಲ ತೊಳೆ ಯಾರಿಗೆ, ಟ್ರಾಮಿನಲ್ಲಿ ಯಾವ ಕಡೆಯ ಸೀಟು, ಯಾವ ಸದ್ದಿಗೆ ತಿರುಗುತ್ತಾಳೆ.

ಎರಡು ದಿನದ ಮೇಲೆ ಟುಕುನಾನ ಶಿಕ್ಷಕಿಯ ಫೋನು ಬಂತು. ಮಗುವನ್ನು ಇನ್ನೊಂದು ಮಗುವಿನ ಕೈಗೆ ಒಪ್ಪಿಸಲಾಗದು, ದಯವಿಟ್ಟು ಬೇರೆ ಕಾರ್ಡು ಬರೆದುಕೊಡಿ.

ಈ ಸಲ ಸುಭದ್ರಾ ಕೇಳಿದಳು. “ಯಾಕೆ ಹಾಗೆ ಬರೆದೆ, ಪುಟ್ಟಿ?”

ಕೋಕಿಲಾ ಅವಳ ಮುಖ ನೋಡಿದಳು. ಆಮೇಲೆ ಗಡಿಯಾರ ನೋಡಿದಳು.

“ಭೂಕಂಪ ಆದ್ರೆ ಟ್ರಾಮ್ ನಿಲ್ಲುತ್ತೆ. ಕಾರ್ ತರಬಾರ್ದು ಅಂತ ರೂಲ್ ಇದೆ. ನಿಮ್ಮ ಕೆಲಸದಿಂದ ನಡೆದು ಬಂದ್ರೆ ಎಷ್ಟು ಹೊತ್ತು?”

“ಗೊತ್ತಿಲ್ಲ. ಯಾವತ್ತೂ ನಡೆದಿಲ್ಲ.”

“ನಾನು ಮೇಲಿನ ಕ್ಲಾಸಲ್ಲಿ ಇದೀನಿ. ಎರಡು ಸಲ ಮೆಟ್ಟಿಲು, ಒಂದು ಕಾರಿಡಾರ್. ಒಂದು ನಿಮಿಷ. ನೋಡಿದೀನಿ.”

“ಮತ್ತೆ ಎರಡನೇದು ಅವರ ಹೆಸರು ಯಾಕೆ? ಅವರ ಕಾರ್ಖಾನೆ ನನ್ನ ಕೆಲಸಕ್ಕಿಂತ ದೂರ ಅಲ್ವಾ?”

“ಅವರ ಕಾಲು ಉದ್ದ.”

ಸುಭದ್ರಾ ನಕ್ಕಳು. ಎರಡು ದಿನ ತಾನು ಒಬ್ಬಳೇ ನೊಂದುಕೊಂಡಿದ್ದು ನಿಮಿಷಗಳ ಲೆಕ್ಕಕ್ಕಾಗಿ! ನಗು ನಿಂತ ಮೇಲೆ ಆ ಪ್ರಶ್ನೆ ಮಾತ್ರ ಉಳಿಯಿತು. ನಿಜಕ್ಕೂ ಎಷ್ಟು ಹೊತ್ತು?

ಹೊಸ ಕಾರ್ಡನ್ನೂ ಅವಳು ಕೋಕಿಲಾಳ ಮುಂದೆಯೇ ಇಟ್ಟಳು. “ನೀನೇ ಬರಿ. ಅವಸರ ಇಲ್ಲ. ತಾಲೀಮಿನ ದಿನ ತಗೊಂಡು ಹೋಗು.”

ಸುಭದ್ರಾ ಕೆಲಸ ಮಾಡುತ್ತಿದ್ದುದು ನಾಲ್ಕು ಸೇತುವೆಗಳಾಚೆ, ಊಟದ ಡಬ್ಬಿ ತುಂಬುವ ಒಂದು ಅಡುಗೆಮನೆಯಲ್ಲಿ. ಮರುದಿನ ಕೆಲಸ ಮುಗಿಸಿ ಅವಳು ನಿಲ್ದಾಣ ದಾಟಿ ಮುಂದೆ ಹೊರಟಾಗ, ಜೊತೆಗೆ ಅನ್ನ ತುಂಬುವ ಎಪ್ಪತ್ತರ ಮೊರಿತಾ ಸಾನ್ ಕೂಗಿದರು: “ಸುಭದ್ರಾ ಸಾನ್, ಟ್ರಾಮ್ ಜೊತೆ ಜಗಳವೇ?”

“ಇಲ್ಲ, ಮಗಳ ಜೊತೆ ಪಂದ್ಯ!”

ಶಾಲೆಯವರೆಗೆ ಮೊದಲ ದಿನ ಎಪ್ಪತ್ತೊಂದು ನಿಮಿಷ. ಒಂದು ಕಡೆ ದಾರಿ ತಪ್ಪಿ ನದಿಯ ದಂಡೆಗುಂಟ ಸುತ್ತು ಹಾಕಿದ್ದಳು. ಕೋಕಿಲಾ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ 71 ಎಂದು ಬರೆದಳು. ಆಮೇಲೆ 66. ಆಮೇಲೆ 61. ಆಗಸ್ಟಿನ ಸೆಕೆಯಲ್ಲಿ ಮತ್ತೆ 68. “ಇದು ಲೆಕ್ಕಕ್ಕಿಲ್ಲ,” ಎಂದು ಅದನ್ನು ತಾನೇ ಹೊಡೆದುಹಾಕಿದಳು.

ಒಂದು ಭಾನುವಾರ ಅವಳೂ ಜೊತೆಗೆ ನಡೆದಳು. ಮೂರನೆಯ ಸೇತುವೆಯ ಮೇಲೆ ನಿಂತು ಕೆಳಗೆ ಇಣುಕಿದಳು.

“ಇದು ಬಿದ್ದಿದ್ರೆ?”

“ಆ ಕಡೆ ಇನ್ನೊಂದಿದೆಯಲ್ಲ.”

“ಅದೂ ಬಿದ್ದಿದ್ರೆ?”

“ಆಗ ತಡ ಆಗುತ್ತೆ. ಆದ್ರೂ ಬರ್ತೀನಿ. ನೀವಿಬ್ಬರೂ ಅಲ್ಲೇ ಇರಿ.”

ಹೇಳಿದ ಮೇಲೆ ಸುಭದ್ರಾಳಿಗೆ ದತ್ತು ಕಡತದ ಒಂದು ಸಾಲು ನೆನಪಾಯಿತು. ಆರು ವರ್ಷದ ಕೋಕಿಲಾಳ ಮಡಿಲಲ್ಲಿ ತಮ್ಮನನ್ನು ಕೂರಿಸಿ ಯಾರೋ ಇದೇ ಮಾತು ಹೇಳಿ ಬಸ್ ನಿಲ್ದಾಣದಿಂದ ಹೊರಟುಹೋಗಿದ್ದರು. ಕೋಕಿಲಾ ನೀರನ್ನೇ ನೋಡುತ್ತಿದ್ದಳು. ಆಮೇಲೆ, “ನಡೀರಿ, ಟೈಮ್ ಓಡ್ತಿದೆ,” ಎಂದಳು.

ಸೆಪ್ಟೆಂಬರಿನಲ್ಲಿ ತಾಲೀಮು. ಫೋನಿಗೆ ಸಂದೇಶ ಬಂದ ಕೂಡಲೇ ಸುಭದ್ರಾ ಏಪ್ರನ್ ಬಿಚ್ಚಿ ಹೊರಟಳು. ಮೊರಿತಾ ಸಾನ್ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ನಾಲ್ಕೂ ಸೇತುವೆಗಳು ನೆಟ್ಟಗೆ ನಿಂತಿದ್ದವು.

ಮೊದಲು ಕಿರಿಯರ ತರಗತಿ. “ಇವರು ಯಾರು?” ಎನ್ನುವ ಮೊದಲೇ ಟುಕುನಾ “ಅಮ್ಮ!” ಎಂದು ಬಾಗಿಲ ಹತ್ತಿರ ಬಂದಿದ್ದ. ಶಿಕ್ಷಕಿ ಕಾರ್ಡು ತೋರಿಸಿದರು. ಮೊದಲ ಸಾಲಿನಲ್ಲಿ ಸುಭದ್ರಾ. ಎರಡರಲ್ಲಿ ಜಯದೇವ. ಮೂರನೆಯದರಲ್ಲಿ ಪೆನ್ಸಿಲಿನಿಂದ ಸಣ್ಣಗೆ ಕೋಕಿಲಾ.

“ಇದನ್ನು ಅಳಿಸಲೇ?”

“ಸುಮಿಮಾಸೆನ್, ಕ್ಷಮಿಸಿ,” ಎಂದಳು ಸುಭದ್ರಾ. “ಅದು ಹಾಗೇ ಇರಲಿ.”

ಎರಡು ಸಲ ಮೆಟ್ಟಿಲು, ಒಂದು ಕಾರಿಡಾರು. ಕೋಕಿಲಾ ಕಿಟಕಿಯ ಪಕ್ಕ ಚೀಲ ಹಾಕಿಕೊಂಡೇ ನಿಂತಿದ್ದಳು.

“ಕೋಕಿಲಾ ಸಾನ್, ಇವರು ಯಾರು?”

ಅವಳು ಗೋಡೆಯ ಗಡಿಯಾರ ನೋಡಿ ಬೆರಳು ಮಡಿಸಿದಳು.

“ನಮ್ಮನ್ನು ಕರೆದುಕೊಂಡು ಹೋಗೋಕೆ ಬರುವವರು,” ಎಂದಳು ಕೋಕಿಲಾ ಜಪಾನಿ ಭಾಷೆಯಲ್ಲಿ. “ನಡೆದು ಬರ್ತಾರೆ. ಐವತ್ತಾರು ನಿಮಿಷ.”

ಶಿಕ್ಷಕಿ ಪೆನ್ನು ಎತ್ತಿ ಒಂದು ಕ್ಷಣ ತಡೆದರು. ಆಮೇಲೆ ಬರೆದುಕೊಂಡರು.

ಗೇಟಿನ ಹೊರಗೆ ಟುಕುನಾ ಮುಂದೆ ಓಡಿದ. ಕೋಕಿಲಾ ಸುಭದ್ರಾಳ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು.

“ಏಪ್ರಿಲಿಂದ ಏಳನೇ ಕ್ಲಾಸು, ನನಗೆ ಬೇರೆ ಶಾಲೆ,” ಎಂದಳು. “ಅವನೊಬ್ಬನೇ ಇಲ್ಲಿ ಇರ್ತಾನೆ.”

“ಹೂಂ.”

“ಅಷ್ಟರೊಳಗೆ ಐವತ್ತು ಆಗುತ್ತಾ?”

ಸುಭದ್ರಾಳ ಮೊಣಕಾಲು ಆಗಲೇ ನೋಯುತ್ತಿತ್ತು. “ಎರಡನೇ ಸೇತುವೆ ಹತ್ತಿರ ಒಂದು ಒಳದಾರಿ ಇರೋ ಹಾಗಿದೆ,” ಎಂದಳು. “ಭಾನುವಾರ ಹೋಗಿ ನೋಡೋಣ.”