ವಿಭೂತಿ ಹಚ್ಚಿಸಿಕೊಂಡ ಡ್ಯಾಶ್‌ಕ್ಯಾಮ್

ನಮ್ಮ ಮನೆಯ ಗೇಟಿನ ಎಡಗಂಬ ಇಪ್ಪತ್ತೆರಡು ವರ್ಷದಿಂದ ಅಲ್ಲೇ ನಿಂತಿದೆ. ಕೆಲವು ತಿಂಗಳ ಹಿಂದೆ ನಮ್ಮ ಮಾವನವರು ಅದಕ್ಕೆ ಕಾರಿನ ಕನ್ನಡಿ ಗುದ್ದಿಸಿದರು. ಇಳಿದು ಬಂದವರು ಕಂಬವನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, "ಇದು ಮೊದಲ ಇಷ್ಟ ಮುಂದ ಇರಲಿಲ್ಲ" ಅಂದರು.

ಹುಬ್ಬಳ್ಳಿಯ ನಮ್ಮ ಗೋಪನಕೊಪ್ಪದಲ್ಲಿ ಏನೇನೋ ಬದಲಾಗಿದೆ, ಒಪ್ಪುತ್ತೇನೆ. ರಸ್ತೆ ಎತ್ತರವಾಗಿದೆ. ಚರಂಡಿ ಎರಡು ಸಲ ಜಾಗ ಬದಲಿಸಿದೆ. ಆದರೆ ಕಂಬ ನಡೆಯುತ್ತದೆಯೇ?

ಅದಕ್ಕೂ ಹಿಂದಿನ ತಿಂಗಳು ಒಂದು ಆಟೋಗೆ ತಾಗಿಸಿದ್ದರು. (ಆಟೋದವನು ಬೈಯಲಿಲ್ಲ. "ಅಜ್ಜಾರ, ಆರಾಮ ಅದೀರಿಲ್ಲೋ" ಎಂದು ಕೇಳಿದನಂತೆ. ಮಾವನವರಿಗೆ ಹೆಚ್ಚು ನೋವಾಗಿದ್ದು ಅದರಿಂದಲೇ.) ಹೀಗಾಗಿ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಕಾರಿನ ಕೀಲಿಯನ್ನು ಅವರಿಂದ ತೆಗೆದುಕೊಳ್ಳುವ ಕಾಲ ಬಂತೇ? ಬಂದಿದ್ದರೆ, ಕೇಳುವವರು ಯಾರು?

"ನೀನ ಕೇಳು. ಸೊಸಿ ಮಾತು ಅಪ್ಪ ತೆಗದು ಹಾಕಾಂಗಿಲ್ಲ" ಅಂದರು ನನ್ನ ಪತಿರಾಯರು.

"ಅಪ್ಪ ನಿಮ್ಮವರು. ನೀವ ಕೇಳ್ರಿ" ಅಂದೆ ನಾನು.

"ಯಾರರ ಕೇಳ್ರಿ, ನನ್ನ ಮುಂದ ಮಾತ್ರ ಕೇಳಬ್ಯಾಡ್ರಿ" ಅಂದರು ಅತ್ತೆಯವರು. ಮೀಟಿಂಗ್ ಅಲ್ಲಿಗೆ ಬರಖಾಸ್ತು.

ಯಾಕಿಷ್ಟು ಹೆದರಿಕೆ ಅನ್ನುತ್ತೀರಾ? ಮಾವನವರಿಗೆ ಎಪ್ಪತ್ನಾಲ್ಕು. ನಲವತ್ತು ವರ್ಷ ಹತ್ತಿ ದಲಾಲಿ ಮಾಡಿದವರು. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳಿನ ನಡುವೆ ಎಳೆದು, ಬೆಳಕಿಗೆ ಹಿಡಿದು, ಎಳೆ ಎಷ್ಟುದ್ದ ಎಂದು ಹೇಳಿಬಿಡುತ್ತಿದ್ದರು. ಅವರು ಹೇಳಿದರೆ ಮುಗಿಯಿತು, ಕೊಳ್ಳುವವನೂ ಒಪ್ಪುತ್ತಿದ್ದ, ಮಾರುವವನೂ ಒಪ್ಪುತ್ತಿದ್ದ. ಈಗ ದಲಾಲಿ ಇಲ್ಲ. ಇರುವುದು ಈ ಕಾರು, ಮತ್ತು ವಾರಕ್ಕೆರಡು ಸಲ ಧಾರವಾಡದ ಪ್ರಯಾಣ.

ಪಕ್ಕದ ಮನೆಯ ಮಾಸ್ತರರ ಮೊಣಕಾಲಿಗೆ ಧಾರವಾಡದಲ್ಲಿ ಫಿಸಿಯೋಥೆರಪಿ ನಡೆಯುತ್ತಿದೆ. ಅವರು ನಿವೃತ್ತ ಹೈಸ್ಕೂಲ್ ಶಿಕ್ಷಕರು, ಮಾವನವರ ಜೀವದ ಗೆಳೆಯ. ಬಸ್ಸಿನ ಮೆಟ್ಟಿಲು ಹತ್ತಲಾರರು. ಮಂಗಳವಾರ ಮತ್ತು ಶುಕ್ರವಾರ ಮಾವನವರೇ ಕಾರಿನಲ್ಲಿ ಕರೆದೊಯ್ಯುತ್ತಾರೆ. ಆ ಎರಡು ದಿನ ಬೆಳಿಗ್ಗೆ ಏಳಕ್ಕೇ ಇಸ್ತ್ರಿ ಅಂಗಿ ಹಾಕಿ ಕೂತಿರುತ್ತಾರೆ. ಉಳಿದ ದಿನ ಹನ್ನೊಂದಾದರೂ ಸ್ನಾನವಾಗಿರುವುದಿಲ್ಲ. ಕೀಲಿ ಕಸಿದುಕೊಂಡರೆ ಏನು ಹೋಗುತ್ತದೆ ಎಂದು ಮನೆಯ ಎಲ್ಲರಿಗೂ ಗೊತ್ತಿತ್ತು.

ನಾನು ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವಳು. ದಾಖಲೆ ಇಲ್ಲದೆ ಒಂದು ನಟ್ಟನ್ನೂ ರಿಜೆಕ್ಟ್ ಮಾಡುವಂತಿಲ್ಲ. ಮಾವನವರನ್ನು ರಿಜೆಕ್ಟ್ ಮಾಡುವುದಕ್ಕೆ ದಾಖಲೆ ಬೇಡವೇ? ಅಂತೂ ನನ್ನ ತಲೆಗೆ ಡ್ಯಾಶ್‌ಕ್ಯಾಮ್ ಹೊಳೆಯಿತು. ಕಾರಿನ ಮುಂದಿನ ಗಾಜಿಗೆ ಅಂಟಿಸುವ ಪುಟ್ಟ ಕ್ಯಾಮೆರಾ. ದಾರಿಯುದ್ದಕ್ಕೂ ನಡೆಯುವುದನ್ನೆಲ್ಲ ಚಿತ್ರೀಕರಿಸುತ್ತದೆ. ಅದನ್ನು ನೋಡಿದರೆ ಅವರು ಹೇಗೆ ಓಡಿಸುತ್ತಾರೆ ಎಂದು ಗೊತ್ತಾಗಿಬಿಡುತ್ತದಲ್ಲ? ಅವರಿಗೆ ಮಾತ್ರ, "ಯಾರರ ಬಂದು ಗುದ್ದಿದ್ರ ಸಾಕ್ಷಿ ಇರಲಿ ಮಾವಾರ" ಎಂದು ಹೇಳಿದೆ. ಮುಖ ನೋಡಿ ಹೇಳಲಿಲ್ಲ.

"ಹಾಕ್ರಿ" ಅಂದರು. "ಆದ್ರ ನನ್ನ ಗಾಡಿದು ಒಂದ ವೈರ್ ಸೈತ ಕತ್ತರಸಾಂಗಿಲ್ಲ. ಒಂದ ವೈರ್ ಸೈತ ಜೋತಾಡಾಂಗಿಲ್ಲ."

ಈ ಎರಡು ಶರತ್ತು ಕೇಳಿ ಮೊದಲ ಅಂಗಡಿಯವರು ನಕ್ಕರು. ಎರಡನೆಯವರು ನಗಲೂ ಇಲ್ಲ, ಕೈಯಲ್ಲಿ ಕಟರ್ ಹಿಡಿದುಕೊಂಡೇ ಬಂದರು. ಮಾವನವರು ಅಲ್ಲಿಂದಲೇ ಗಾಡಿ ತಿರುಗಿಸಿದರು. ಮೂರನೆಯದಾಗಿ ಸಿಕ್ಕವರು ದಾವಲಸಾಬ್. ಹಳೇ ಹುಬ್ಬಳ್ಳಿಯ ಕಡೆ ಒಂದು ತಗಡಿನ ಶೆಡ್, ಗೋಡೆಯ ತುಂಬ ವೈರಿನ ಸುರುಳಿಗಳು.

ದಾವಲಸಾಬ್ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಏನೂ ಇಲ್ಲ. ಕಾರಿನಲ್ಲಿ ಕೂತರು, ಮೇಲೆ ನೋಡಿದರು, ಕೀಲಿ ತಿರುಗಿಸಿದರು, ಆಫ್ ಮಾಡಿದರು, ಮತ್ತೆ ಕೂತರು. ಐದು ನಿಮಿಷವಾದ ಮೇಲೆ ಕೇಳಿದರು. "ಇದು ನಡುವಿನ ಮಾಡೆಲ್ ಅಲ್ರಿ ಸರ?"

"ಹೌದ್ರಿ. ಯಾಕ?"

"ಇದರ ದೊಡ್ಡ ಮಾಡೆಲ್‌ದಾಗ ನಡುವಿನ ಕನ್ನಡಿ ಕರೆಂಟ್ ಮ್ಯಾಲೆ ನಡೀತೈತಿ. ಅದಕ್ಕ ಮ್ಯಾಲಿಂದ ಒಂದು ವೈರ್ ಬರತೈತಿ. ಇದಕ್ಕಂತ ಬ್ಯಾರೆ ವೈರಿಂಗ್ ಯಾರು ಮಾಡ್ತಾರ್ರಿ? ಅದನ್ನ ಹಾಕಿ ಮುಚ್ಚಿಬಿಟ್ಟಿರ್ತಾರ. ನೋಡೂಣು ತಡೀರಿ."

ಪ್ಲಾಸ್ಟಿಕ್ಕಿನ ಒಂದು ಪಟ್ಟಿಯಿಂದ ಚಾವಣಿಯ ಅಂಚನ್ನು ಮೆಲ್ಲಗೆ ಎಬ್ಬಿಸಿ, ಎರಡು ಬೆರಳು ಒಳಗೆ ಬಿಟ್ಟರು. ಹೊರಗೆ ಬಂದದ್ದು ಸ್ಪಂಜಿನಲ್ಲಿ ಸುತ್ತಿದ ಒಂದು ಪುಟ್ಟ ಬಿಳಿ ಪ್ಲಗ್ಗು. ಆರು ವರ್ಷ ನಮ್ಮ ತಲೆಯ ಮೇಲೇ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದರು. ಕೀಲಿ ತಿರುಗಿಸಿದರೆ ದೀಪ ಹತ್ತಿತು, ಆಫ್ ಮಾಡಿದರೆ ಆರಿತು. ಗಾಡಿ ನಿಂತಾಗ ಬ್ಯಾಟರಿ ತಿನ್ನುವುದಿಲ್ಲ ಎಂದು ಅದರ ಅರ್ಥವಂತೆ. ಡ್ರಾವರಿನಲ್ಲಿ ಅದಕ್ಕೆ ಹೊಂದುವ ಪ್ಲಗ್ಗು ಹುಡುಕಿ, ಕ್ಯಾಮೆರಾಕ್ಕೆ ತಕ್ಕಷ್ಟು ಕರೆಂಟ್ ಇಳಿಸುವ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ ಸೇರಿಸಿ, ಎಲ್ಲವನ್ನೂ ಚಾವಣಿಯೊಳಗೆ ಸರಿಸಿ, ಕನ್ನಡಿಯ ಹಿಂದೆ ಕ್ಯಾಮೆರಾ ಅಂಟಿಸಿದರು. ಒಂದು ವೈರ್ ಕತ್ತರಿಸಲಿಲ್ಲ, ಒಂದು ವೈರ್ ಕಾಣಲಿಲ್ಲ.

ಮಾವನವರು ಚಾವಣಿಯನ್ನೆಲ್ಲ ಕೈಯಿಂದ ಸವರಿ ನೋಡಿದರು. "ಕೆಲಸಾ ಅಂದ್ರ ಇದು" ಅಂದರು. ಅವರು ಕಣ್ಣಿನಿಂದ ನೋಡದೆ ಕೈಯಿಂದ ಏಕೆ ನೋಡಿದರು ಎಂದು ಆ ಕ್ವಾಲಿಟಿ ಇನ್‌ಸ್ಪೆಕ್ಟರ್ ಸೊಸೆಗೆ ಹೊಳೆಯಲೇ ಇಲ್ಲ.

ನಾಲ್ಕು ದಿನ ಬಿಟ್ಟು, ಗುರುವಾರ, ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಮಂಗಳವಾರದ ಪ್ರಯಾಣ ತೆರೆದೆ. ಚಿತ್ರ ಪೂರ್ತಿ ಬಿಳಿ. ನಡುವೆ ಒಂದು ಕೆಂಪು ಗೋಲ. ಹುಬ್ಬಳ್ಳಿಯೂ ಇಲ್ಲ, ಧಾರವಾಡವೂ ಇಲ್ಲ, ದಾರಿಯುದ್ದಕ್ಕೂ ಮಂಜಿನಲ್ಲಿ ಸೂರ್ಯೋದಯ.

ಕಾರಿಗೆ ಹೋಗಿ ನೋಡಿದರೆ ಲೆನ್ಸಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮನೆಗೆ ಹೊಸ ವಸ್ತು ಬಂದರೆ ಪೂಜೆ ಆಗಲೇಬೇಕು. ಮಿಕ್ಸರಿಗೆ ಆಗಿದೆ, ಇನ್ವರ್ಟರಿಗೆ ಆಗಿದೆ. ಅತ್ತೆಯವರು ಸೋಮವಾರ ಕ್ಯಾಮೆರಾವನ್ನು ತಮ್ಮ ಕಡೆ ತಿರುಗಿಸಿಕೊಂಡು ಪೂಜೆ ಮುಗಿಸಿ, ಮತ್ತೆ ರಸ್ತೆಯ ಕಡೆ ತಿರುಗಿಸಿಟ್ಟಿದ್ದರು.

"ಅತ್ತ್ಯಾರ, ಅದರ ಕಣ್ಣಿಗೇ ಹಚ್ಚೀರಲ್ರಿ."

"ಮತ್ತೆಲ್ಲಿ ಹಚ್ಚೂದವಾ? ಅದಕ್ಕ ಹಣಿ ಎಲ್ಲೈತಿ?"

ಲೆನ್ಸು ಒರೆಸಿ ಒಳಗೆ ಬಂದೆ. ಫೈಲ್ ಅಳಿಸಿಬಿಡೋಣ ಎಂದು ಹೊರಟವಳಿಗೆ ಲ್ಯಾಪ್‌ಟಾಪಿನಿಂದ ಮಾವನವರ ದನಿ ಕೇಳಿಸಿತು. ಕ್ಯಾಮೆರಾ ಮಾತನ್ನೂ ಹಿಡಿಯುತ್ತದೆ ಎಂಬುದನ್ನು ನಾನು ಗಮನಿಸಿರಲೇ ಇಲ್ಲ. (ಕದ್ದು ಕೇಳುವುದು ತಪ್ಪು. ಕೇಳಿದೆ.)

"ಮಾಸ್ತರ್ರ, ಬಿತ್ತೇನು?"

"ಇನ್ನೂ ಕೆಂಪ ಐತಿ. ತಡೀರಿ. ಹಾಂ, ಹಸರ ಆತು, ನಡೀರಿ."

"ಎಡಕ್ಕ?"

"ಸೈಕಲ್ ಐತಿ. ಹೋತು. ಈಗ ಹೊರಳಿಸ್ರಿ."

"ಮುಂದ ಇರೋದು ಬಸ್ಸೋ, ಲಾರಿನೋ?"

"ಬಸ್ ರಿ. ಇಲಕಲ್ ಸೀರಿ ಉಟ್ಟಾಕಿ ಒಬ್ಬಾಕಿ ಇಳ್ಯಾಕತ್ತಾಳ."

"ಸೀರಿ ಬ್ಯಾಡ ಮಾಸ್ತರ್ರ, ಬ್ರೇಕ್ ಲೈಟ್ ಹೇಳ್ರಿ."

ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ಒಬ್ಬರಿಗೆ ಕಾಲಿಲ್ಲ, ಇನ್ನೊಬ್ಬರಿಗೆ ಕಣ್ಣಿಲ್ಲ, ಇಬ್ಬರೂ ಸೇರಿ ಒಬ್ಬ ಡ್ರೈವರ್. ಹುಬ್ಬಳ್ಳಿಯಿಂದ ಧಾರವಾಡದವರೆಗೆ, ಆ ಟ್ರಾಫಿಕ್ಕಿನಲ್ಲಿ. ಎಷ್ಟು ತಿಂಗಳಿಂದಲೋ.

ಮುಂದಿನದನ್ನು ಕೇಳಬಾರದಿತ್ತು ಅನ್ನಿಸುತ್ತದೆ. ಕೇಳದಿದ್ದರೆ ಏನಾಗುತ್ತಿತ್ತೋ ಎಂದೂ ಅನ್ನಿಸುತ್ತದೆ.

"ಮನ್ಯಾಗ ಹೇಳಿಬಿಡ್ರಿ" ಅನ್ನುತ್ತಿದ್ದರು ಮಾಸ್ತರರು. "ಇದು ಛಲೋ ಅಲ್ಲ."

"ಹೇಳಿದ್ರ ಕೀಲಿ ಹೋಗತೈತಿ. ಕೀಲಿ ಹೋದ್ರ ನಿಮ್ಮ ಮೊಣಕಾಲು ಹೋಗತೈತಿ."

"ನನ್ನ ಮೊಣಕಾಲು ಇರ್ಲಿ. ಯಾರದರ ಕೂಸು ಅಡ್ಡ ಬಂದ್ರ ಏನ್ ಮಾಡ್ತೀರಿ?"

ಮಾವನವರು ಇಂಡಿಕೇಟರ್ ಹಾಕಿದರು. ಟಿಕ್ ಟಿಕ್ ಎಂದು ಅದರ ಸದ್ದು.

ಮಾರನೆಯ ದಿನ ಶುಕ್ರವಾರ. ಬೆಳಿಗ್ಗೆ ಏಳಕ್ಕೆ ಮಾವನವರು ಇಸ್ತ್ರಿ ಅಂಗಿ ಹಾಕಿ ಕಟ್ಟೆಯ ಮೇಲೆ ಕೂತಿದ್ದರು. ಕಾರ್ಖಾನೆಗೆ ರಜೆ ಹೇಳಿ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡುವುದು ಎಂದು ರಾತ್ರಿಯೆಲ್ಲ ಯೋಚಿಸಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ, ನೇರವಾಗಿ ಕೇಳಿಬಿಟ್ಟೆ.

"ಮಾವಾರ, ಕಣ್ಣು ಯಾವಾಗಿಂದ ಮಬ್ಬ ಆಗ್ಯಾವ್ರಿ?"

"ಯಾರು ಹೇಳಿದ್ರು? ಮಾಸ್ತರೇನು?"

"ನೀವ ಹೇಳೀರಿ" ಎಂದು ಫೋನಿನಲ್ಲಿ ಅವರ ದನಿ ಕೇಳಿಸಿದೆ. ಕ್ಯಾಮೆರಾ ಹಾಕಿಸಿದ್ದು ಗುದ್ದುವವರಿಗಲ್ಲ, ನಿಮಗೇ ಎಂದು ಅದನ್ನೂ ಹೇಳಿದೆ. ನಾಚಿಕೆಯಾಯಿತು. ಅವರು ಸಿಟ್ಟಾಗಲಿಲ್ಲ. ಪೂರ್ತಿ ಕೇಳಿ, ಜೇಬಿನಿಂದ ಕೀಲಿ ತೆಗೆದು ನಮ್ಮಿಬ್ಬರ ನಡುವೆ ಕಟ್ಟೆಯ ಮೇಲಿಟ್ಟರು.

"ತಗೋವಾ. ಇದಕ್ಕ ಬಂದೀದಿ."

"ಇದಕ್ಕ ಬಂದಿಲ್ರಿ" ಅಂದೆ. ಅರ್ಧ ಸುಳ್ಳು.

ಅವರು ರಸ್ತೆ ನೋಡುತ್ತ ಹೇಳಿದರು. "ಹೋದ ವರ್ಷ ಒಬ್ಬಾವ ಹತ್ತಿ ತಂದು ಮುಂದ ಹಿಡದ. ಎಳಿ ಕಾಣಲಿಲ್ಲವಾ ನನಗ. ಬೆರಳಿಲೆ ಎಳದು ನೋಡಿ ಅಂದಾಜಲೆ ಹೇಳಿದೆ. ಖರೇ ಆತು. ಗಾಡಿನೂ ಹಂಗ ನಡೀತೈತಿ ಅನ್ಕೊಂಡೆ. ವಯಸ್ಸಾತು, ಇನ್ನ ಹಿಂಗ ಅಂತ ತಿಳ್ಕೊಂಡೆ. ಇದಕ್ಕ ಔಷಧ ಇದ್ದೀತು ಅಂತ ನನಗರ ಏನು ಗೊತ್ತು?"

ಅವತ್ತು ಅವರು ಕಾರು ಮುಟ್ಟಲಿಲ್ಲ. ಮಾಸ್ತರರನ್ನು ಧಾರವಾಡಕ್ಕೆ ನಾನು ಕರೆದೊಯ್ದೆ. ಅದೇ ಸಂಜೆ ಮಾವನವರನ್ನು ಕಣ್ಣಿನ ಡಾಕ್ಟರ ಹತ್ತಿರ. ದೀಪ ಹಾಕಿ ನೋಡಿದ ಡಾಕ್ಟರು, "ಎರಡೂ ಕಣ್ಣಿಗೆ ಪೊರಿ ಬಂದೈತಿ. ಬ್ಯಾರೆ ಏನೂ ಇಲ್ಲ, ತಗದ್ರ ಆತು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟ ದಿವಸ ಯಾಕ ಕರಕೊಂಡು ಬರಲಿಲ್ರಿ?" ಎಂದು ಕೇಳಿದರು.

ಏನು ಹೇಳಲಿ? ಕೀಲಿಯ ಬಗ್ಗೆ ಮೀಟಿಂಗ್ ನಡೆದಿತ್ತು, ಕಣ್ಣಿನ ಬಗ್ಗೆ ನಡೆಯಲಿಲ್ಲ ಎಂದೇ?

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮಾವನವರು ಅತ್ತೆಯವರನ್ನು ಒಂದು ನಿಮಿಷ ದಿಟ್ಟಿಸಿದರು. "ನಿನಗ ಇಷ್ಟ ಬಿಳಿ ಕೂದಲಾ ಯಾವಾಗ ಆದವು?" ಅಂದರು.

"ನೀವು ಗಾಡ್ಯಾಗ ಧಾರವಾಡಕ್ಕ ಹೋದಾಗ" ಅಂದರು ಅತ್ತೆಯವರು. ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಮಾವನವರೂ ನೋಡಿದರು.

ಎರಡನೆಯ ಕಣ್ಣೂ ಆಯಿತು. ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ, ಗಾಡಿ ಓಡಿಸಬಹುದು ಎಂದು ಹೇಳುವವರೆಗೆ ಕೀಲಿ ನನ್ನ ಹತ್ತಿರವೇ ಇತ್ತು. ಅವರು ಒಮ್ಮೆಯೂ ಕೇಳಲಿಲ್ಲ. ನಾನೇ ಕೊಟ್ಟೆ. ಆ ಮಂಗಳವಾರ ಅವರು ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ಮಾಸ್ತರರು, ಹಿಂದೆ ನಾನು. ನವಲೂರು ದಾಟುವವರೆಗೂ ಅವರು ದಾರಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದಿದರು. ಟಯರ್ ಅಂಗಡಿ, ಪೇಢೆ ಅಂಗಡಿ, ಒಂದನ್ನೂ ಬಿಡಲಿಲ್ಲ. ಸಿಗ್ನಲ್ಲಿನಲ್ಲಿ ಮಾಸ್ತರರು ರೂಢಿಯಂತೆ "ಹಸರ ಆತು" ಅಂದರು. "ಕಾಣತೈತಿ ಬಿಡ್ರಿ" ಎಂದು ಮಾವನವರು ಗೇರ್ ಹಾಕಿದರು. ಎಷ್ಟು ಸಂತೋಷದಿಂದ ಹೇಳಿದರೆಂದರೆ ನನಗೆ ಅಳು ಬಂದುಬಿಟ್ಟಿತು.

ಧಾರವಾಡದಲ್ಲಿ ಮಾಸ್ತರರು ಒಳಗೆ ಹೋದ ಮೇಲೆ ನಾವಿಬ್ಬರೂ ಕಾರಿನಲ್ಲೇ ಕೂತಿದ್ದೆವು. "ವರ್ಷಾ ವರ್ಷಾ ಕಣ್ಣು ತೋರಿಸ್ತೇನಿ" ಅಂದರು ಮಾವನವರು. "ಡಾಕ್ಟರ್ ಬ್ಯಾಡ ಅಂದ ದಿವಸ ನಾನ ಕೀಲಿ ತಂದು ನಿನ್ನ ಕೈಯಾಗ ಇಡ್ತೇನಿ. ಆದ್ರ ಒಂದು ಮಾತು. ಮುಂದ ನನ್ನ ಬಗ್ಗೆ ಏನರ ಗೊತ್ತಾಗಬೇಕಂದ್ರ ನನ್ನ ಕೇಳು. ನಾ ಮನ್ಯಾಗ ಇರ್ತೇನಿ."

ಹೂಂ ಅಂದೆ.

ಒಂದೇ ಮನೆ, ಒಂದೇ ಪಡಸಾಲೆ, ದಿನಕ್ಕೆ ಎರಡು ಸಲ ನನ್ನ ಕೈಯಿಂದಲೇ ಚಹಾ. "ಕಣ್ಣು ಹ್ಯಾಂಗದಾವ್ರಿ ಮಾವಾರ" ಎಂದು ಕೇಳಲು ನನಗೆ ಒಂದು ಕ್ಯಾಮೆರಾ ಬೇಕಾಯಿತು, ನಿಮ್ಮ ಮನೆಯ ಹಿರಿಯರನ್ನು ಕೇಳಲು ನಿಮಗೆ ಏನು ಬೇಕು?